ಮುಂಡಗೋಡಿನ ಧ್ಯಾನವೂ ನಮ್ಮ ಮೇಜಿನ ಯಂತ್ರವೂ

ನಮ್ಮ ಸಂಘದ ಸದಸ್ಯರನ್ನು ಉದ್ಯೋಗದ ಪ್ರಕಾರ ಎಣಿಸುತ್ತ ಹೋದರೆ ವೈದ್ಯರು, ಉಪಾಧ್ಯಾಯರು, ಬ್ಯಾಂಕಿನವರು, ಸ್ವಂತ ವ್ಯಾಪಾರದವರು ಸಿಗುತ್ತಾರಾದರೂ, ಯಂತ್ರಗಳ ಬೆನ್ನು ಹತ್ತಿ ಇಲ್ಲಿಗೆ ಬಂದವರ ಸಂಖ್ಯೆಯೇ ದೊಡ್ಡದು. ರಿಚರ್ಡ್‌ಸನ್ನಿನ ಟೆಲಿಫೋನ್ ಕಂಪನಿಗಳು, ಆಸ್ಟಿನ್ನಿನ ಚಿಪ್ ಕಾರ್ಖಾನೆಗಳು, ಹ್ಯೂಸ್ಟನ್ನಿನ ಎಣ್ಣೆ ಕಂಪನಿಗಳ ಗಣಕ ಕೋಣೆಗಳು, ನಮ್ಮ ಸೌತ್‌ಲೇಕಿನಲ್ಲಿಯೇ ಇರುವ, ವಿಮಾನದ ಟಿಕೆಟ್ ವ್ಯವಸ್ಥೆಗೆ ಹೆಸರಾದ ಸೇಬರ್ ಸಂಸ್ಥೆ - ಇವೆಲ್ಲ ನಮ್ಮವರಿಗೆ ಅನ್ನ ಕೊಟ್ಟ ಸ್ಥಳಗಳು. ೧೯೫೮ರಲ್ಲಿ ಜ್ಯಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ತೋರಿಸಿದ್ದು ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ. ಅದೇ ಕಂಪನಿ ೧೯೮೫ರಲ್ಲಿ ಬೆಂಗಳೂರಿಗೆ ಹೋಗಿ ಅಂಗಡಿ ತೆರೆದದ್ದು ನಮ್ಮ ಎರಡು ಊರುಗಳ ನಂಟಿನ ಮೊದಲ ಅಧ್ಯಾಯಗಳಲ್ಲೊಂದು.

ಹೀಗಿರುವುದರಿಂದ ನಮ್ಮ ಮನೆಗಳಲ್ಲಿ ಯಾರಾದರೊಬ್ಬರು ಪ್ರತಿದಿನ ಒಂದು ಸಣ್ಣ ತೀರ್ಮಾನವನ್ನು ಮಾಡುತ್ತಲೇ ಇರುತ್ತಾರೆ. ಈ ಗುಂಡಿ ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪವಿರಬೇಕು, ತಪ್ಪು ಒತ್ತಿದರೆ ಹಿಂದಕ್ಕೆ ಬರಲು ದಾರಿ ಇರಬೇಕೇ ಬೇಡವೇ, ಎಷ್ಟು ಸೆಕೆಂಡು ಕಾಯಬೇಕು - ಇಂಥವು. ತೀರ್ಮಾನ ಮಾಡುವವರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಬಳಸುವವರಿಗೆ ವರ್ಷಾನುಗಟ್ಟಲೆಯ ಸುಖ ಅಥವಾ ಸಂಕಟ. ಆ ತೀರ್ಮಾನದ ಹೊತ್ತಿನಲ್ಲಿ ನಮ್ಮ ಕಣ್ಣ ಮುಂದೆ ಯಾರ ಮುಖ ಇರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ದಾರಿ ಬೌದ್ಧರ ಕರುಣಾಧ್ಯಾನಕ್ಕೆ ಹೋಗಿ ಮುಟ್ಟುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಆ ದಾರಿ ನಮ್ಮ ಕರ್ನಾಟಕದ ಎರಡು ಸಣ್ಣ ಊರುಗಳ ಮೂಲಕವೇ ಹಾದುಹೋಗುತ್ತದೆ. ಆ ಸಂಗತಿಯನ್ನು ಸದಸ್ಯ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಬೈಲುಕುಪ್ಪೆ, ಮುಂಡಗೋಡಿನಿಂದ ಹೊರಟ ದಾರಿ

೧೯೫೯ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರಿಗೆ ನೆಲೆ ಕೊಡುವ ಪ್ರಶ್ನೆ ಎದ್ದಾಗ, ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. ೧೯೬೦-೬೧ರಲ್ಲಿ ಮೊದಲ ತಂಡಗಳು ಬಂದು ಕಾಡು ಕಡಿದು ಜೋಳ ಬಿತ್ತಿದವು. ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಇನ್ನೊಂದು ವಸತಿ ಆರಂಭವಾಯಿತು. ಲ್ಹಾಸಾ ಪಟ್ಟಣದ ಸುತ್ತ ಶತಮಾನಗಳಿಂದ ಇದ್ದ ಮೂರು ಮಹಾವಿಹಾರಗಳು ಕರ್ನಾಟಕದಲ್ಲಿ ಮರುಜನ್ಮ ಪಡೆದವು: ಸೆರಾ ಬೈಲುಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ. ಹುಬ್ಬಳ್ಳಿ-ಶಿರಸಿ ಕಡೆ ಓಡಾಡಿದವರಿಗೆ ಮರೂನ್ ಬಣ್ಣದ ಬಟ್ಟೆಯ ಲಾಮಾಗಳು ಬಸ್ ಸ್ಟ್ಯಾಂಡಿನಲ್ಲಿ ಅಚ್ಚ ಕನ್ನಡದಲ್ಲಿ ಟಿಕೆಟ್ ಕೇಳುವುದು ಹೊಸ ದೃಶ್ಯವೇನಲ್ಲ.

ಈ ವಿಹಾರಗಳಲ್ಲಿ ಓದಿದ ಇಬ್ಬರ ಹೆಸರುಗಳನ್ನು ಇಲ್ಲಿ ಹೇಳಲೇಬೇಕು. ಮುಂಡಗೋಡಿನ ಗಾಂದೆನ್ ವಿಹಾರದಲ್ಲಿ ವಿದ್ಯೆ ಪೂರೈಸಿ ಗೆಶೆ ಪದವಿ ಪಡೆದ ಥುಪ್ತೆನ್ ಜಿನ್ಪಾ ಆಮೇಲೆ ಕೇಂಬ್ರಿಜ್‌ಗೆ ಹೋಗಿ ಡಾಕ್ಟರೇಟ್ ಪಡೆದರು. ದಲಾಯಿ ಲಾಮಾ ಅವರ ಇಂಗ್ಲಿಷ್ ಭಾಷಣಗಳಿಗೆ ಬಹುಕಾಲದಿಂದ ಅವರೇ ದುಭಾಷಿ. ೨೦೦೮ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೆದುಳಿನ ಶಸ್ತ್ರವೈದ್ಯ ಜೇಮ್ಸ್ ಡೋಟಿ ಅವರು ಕರುಣೆಯ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನು ಕಟ್ಟಿದಾಗ, ಅಲ್ಲಿನ ಎಂಟು ವಾರಗಳ ಕರುಣಾಭ್ಯಾಸದ ಪಾಠಕ್ರಮವನ್ನು ಸಿದ್ಧಪಡಿಸಿದವರಲ್ಲಿ ಜಿನ್ಪಾ ಪ್ರಮುಖರು. ಇನ್ನೊಬ್ಬರು ಹಿಮಾಚಲದ ಕಿನ್ನೌರಿನವರಾದ ಗೆಶೆ ಲೋಬ್ಸಾಂಗ್ ತೆನ್ಜಿನ್ ನೇಗಿ. ಇವರದು ಮುಂಡಗೋಡಿನ ದ್ರೆಪುಂಗ್ ಲೋಸೆಲಿಂಗ್. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಅವರು ೨೦೦೪ರಲ್ಲಿ ವಿದ್ಯಾರ್ಥಿಗಳಿಗಾಗಿ ಇಂಥದೇ ಒಂದು ಅಭ್ಯಾಸಕ್ರಮವನ್ನು ಆರಂಭಿಸಿದರು. ಅದರಲ್ಲಿ ದೇವರು, ಮತ, ಪೂಜೆ ಯಾವುದೂ ಇಲ್ಲ. ಯಾವ ಮತದವರೂ ಕೂಡಬಹುದು.

ದಾರಿ ಒಮ್ಮುಖವೂ ಅಲ್ಲ. ಎಮೊರಿಯ ಪ್ರಾಧ್ಯಾಪಕರು ಕರ್ನಾಟಕದ ಈ ವಿಹಾರಗಳಿಗೆ ಹೋಗಿ ಭಿಕ್ಷುಗಳಿಗೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಕಲಿಸುತ್ತ ಬಂದಿದ್ದಾರೆ. ೨೦೧೩ರ ಜನವರಿಯಲ್ಲಿ ದ್ರೆಪುಂಗ್ ವಿಹಾರದಲ್ಲಿ ವಿಜ್ಞಾನಿಗಳೂ ದಲಾಯಿ ಲಾಮಾ ಅವರೂ ಹಲವು ದಿನ ಎದುರುಬದುರು ಕುಳಿತು ಚರ್ಚಿಸಿದರು. ೨೦೧೭ರ ಡಿಸೆಂಬರಿನಲ್ಲಿ ಅಲ್ಲಿಯೇ ಧ್ಯಾನ ಮತ್ತು ವಿಜ್ಞಾನದ ಕೇಂದ್ರವೊಂದು ಉದ್ಘಾಟನೆಯಾಯಿತು. ನಮ್ಮ ಡಲ್ಲಾಸಿಗೂ ದಲಾಯಿ ಲಾಮಾ ಅಪರಿಚಿತರಲ್ಲ. ೨೦೧೧ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ನೀಡಿತು. ೨೦೧೫ರ ಜುಲೈಯಲ್ಲಿ ಇಲ್ಲಿನ ಬುಷ್ ಕೇಂದ್ರದಲ್ಲಿ ಅವರ ಎಂಬತ್ತನೆಯ ಹುಟ್ಟುಹಬ್ಬದ ಕೇಕ್ ಕತ್ತರಿಸಲಾಯಿತು. ಹ್ಯೂಸ್ಟನ್ನಿನ ಸದಸ್ಯರಿಗೆ ೧೯೭೧ರಲ್ಲಿ ತೆರೆದ ರಾಥ್ಕೊ ಮಂದಿರ ಗೊತ್ತೇ ಇದೆ. ಮೂರ್ತಿಯಿಲ್ಲದ, ಎಲ್ಲ ಮತದವರೂ ಸುಮ್ಮನೆ ಕೂಡಬಹುದಾದ ಆ ಎಂಟು ಮೂಲೆಯ ಕೋಣೆ ಟೆಕ್ಸಾಸಿನ ಸೆಕೆಯಲ್ಲಿ ಒಂದು ತಂಪಿನ ತಾಣ.

ಈ ಧ್ಯಾನದಲ್ಲಿ ಮಾಡುವುದೇನು?

ಧ್ಯಾನ ಎಂದ ಕೂಡಲೇ ಕಣ್ಣು ಮುಚ್ಚಿ ಏನನ್ನೂ ಯೋಚಿಸದೆ ಕೂಡುವುದು ಎಂದು ಅನೇಕರ ಎಣಿಕೆ. ಕರುಣಾಧ್ಯಾನ ಹಾಗಲ್ಲ. ಇದು ಯೋಚಿಸುವ ಧ್ಯಾನ. ಒಬ್ಬೊಬ್ಬರನ್ನೇ ಮನಸ್ಸಿಗೆ ಕರೆತರುವ ಧ್ಯಾನ. ಬೌದ್ಧರು ನಾಲ್ಕು ಭಾವನೆಗಳನ್ನು ಒಟ್ಟಿಗೆ ಹೇಳುತ್ತಾರೆ: ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಎಲ್ಲರೂ ಸುಖವಾಗಿರಲಿ ಎನ್ನುವುದು ಮೈತ್ರಿ. ನೋವಿನಲ್ಲಿರುವವರ ನೋವು ತೀರಲಿ ಎನ್ನುವುದು ಕರುಣೆ. ಪರರ ಏಳಿಗೆ ಕಂಡು ಹಿಗ್ಗುವುದು ಮುದಿತೆ. ನನ್ನವನು, ಪರನು ಎಂಬ ಭೇದವಿಲ್ಲದ ಸಮಚಿತ್ತವೇ ಉಪೇಕ್ಷೆ. ನಮ್ಮ ಆಡುಮಾತಿನಲ್ಲಿ ಆ ಪದಕ್ಕೆ ಬಂದಿರುವ ಅಲಕ್ಷ್ಯ ಎಂಬ ಅರ್ಥವನ್ನು ಇಲ್ಲಿ ಬಿಡಬೇಕು.

ಐದನೆಯ ಶತಮಾನದಲ್ಲಿ ಸಿಂಹಳದಲ್ಲಿದ್ದುಕೊಂಡು ಬುದ್ಧಘೋಷರು ಬರೆದ ವಿಸುದ್ಧಿಮಗ್ಗ ಎಂಬ ಗ್ರಂಥ ಈ ಅಭ್ಯಾಸವನ್ನು ಅಡುಗೆ ಪುಸ್ತಕದಷ್ಟು ಸ್ಪಷ್ಟವಾಗಿ ವಿವರಿಸುತ್ತದೆ. ಅಭ್ಯಾಸ ಮಾಡುವವನು ತನ್ನನ್ನೂ ಮೂರು ಬಗೆಯ ಇತರರನ್ನೂ ಕ್ರಮವಾಗಿ ನೆನೆಯುತ್ತಾನೆ: ಒಬ್ಬ ಪ್ರಿಯನಾದವನು, ಒಬ್ಬ ಪ್ರಿಯನೂ ಅಲ್ಲದ ಅಪ್ರಿಯನೂ ಅಲ್ಲದ ನಡುವಿನವನು, ಒಬ್ಬ ತನಗೆ ಆಗದವನು. ನಾಲ್ವರ ಮೇಲೂ ಭಾವ ಸಮನಾಗುವವರೆಗೆ ಬಿಡುವಂತಿಲ್ಲ. ಸಮನಾಯಿತೆಂದು ತಿಳಿಯುವುದು ಹೇಗೆ? ಅದಕ್ಕೊಂದು ಪರೀಕ್ಷೆಯನ್ನೂ ಹೇಳಿದ್ದಾರೆ. ಈ ನಾಲ್ವರೂ ಒಂದೆಡೆ ಕುಳಿತಿರುವಾಗ ಕಳ್ಳರು ಬಂದು, ಬಲಿಗೆ ಒಬ್ಬನನ್ನು ಕೊಡು ಎನ್ನುತ್ತಾರೆ. ಆಗದವನನ್ನು ಕೊಡೋಣ ಎನ್ನಿಸಿದರೆ ಅಭ್ಯಾಸ ಇನ್ನೂ ಹಣ್ಣಾಗಿಲ್ಲ. ಗುರುತಿಲ್ಲದವನನ್ನು ಕೊಡೋಣ ಎನ್ನಿಸಿದರೂ ಇಲ್ಲ. ಇರಲಿ, ನನ್ನನ್ನೇ ಒಯ್ಯಿರಿ ಎನ್ನಿಸಿದರೂ ಇಲ್ಲ! ಕೊಡತಕ್ಕವನೆಂದು ನಾಲ್ವರಲ್ಲಿ ಒಬ್ಬನೂ ಕಾಣದೆ ಹೋದಾಗ ಮಾತ್ರ ಗಡಿ ಅಳಿಯಿತೆಂದು ಅರ್ಥ.

ನಮ್ಮ ಇಂಜಿನಿಯರ್ ಮಿತ್ರರು ಈ ಕಥೆಯನ್ನು ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ. ಯಂತ್ರದ ವಿನ್ಯಾಸವೆಂದರೆ ದಿನವೂ ಇಂಥ ಕಳ್ಳರೊಡನೆ ವ್ಯವಹಾರ. ಸಮಯ ಇಲ್ಲ, ಹಣ ಇಲ್ಲ, ಮುಂದಿನ ವಾರ ಬಿಡುಗಡೆ. ಯಾರನ್ನಾದರೂ ಬಿಡಲೇಬೇಕು, ಯಾರನ್ನು ಬಿಡೋಣ? ಆಗ ನಾವು ಬಿಡುವುದು ಶತ್ರುವನ್ನಲ್ಲ. ಶತ್ರುವಿನ ನೆನಪಾದರೂ ನಮಗೆ ಇರುತ್ತದೆ. ನಾವು ಬಿಡುವುದು ಆ ನಡುವಿನವನನ್ನು, ಗುರುತಿಲ್ಲದವನನ್ನು. ಕಣ್ಣು ಮಂಜಾದವನು, ಇಂಗ್ಲಿಷ್ ಬಾರದವನು, ಕೈ ನಡುಗುವವನು, ಹಳೆಯ ಫೋನಿನವನು. ಅವನ ಮೇಲೆ ನಮಗೆ ದ್ವೇಷವಿಲ್ಲ. ಅವನು ನಮ್ಮ ಸಭೆಗೆ ಬಂದೇ ಇರುವುದಿಲ್ಲ. ಎರಡೂವರೆ ಸಾವಿರ ವರ್ಷದ ಈ ಅಭ್ಯಾಸದಲ್ಲಿ ಯಂತ್ರ ಮಾಡುವವರಿಗೆ ಉಪಯೋಗವಾಗುವ ಭಾಗ ಯಾವುದೆಂದು ಕೇಳಿದರೆ ನಾವು ಇದನ್ನೇ ಹೇಳುತ್ತೇವೆ: ನಡುವಿನವನನ್ನು ಹೆಸರಿಟ್ಟು ಕರೆದು ಮುಂದೆ ಕೂರಿಸಿಕೊಳ್ಳುವುದು.

ಅವನು ಯಾರೋ ದೂರದವನೆಂದು ತಿಳಿಯಬೇಡಿ. ನಮ್ಮ ಸದಸ್ಯರೊಬ್ಬರ ತಾಯಿ ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ಒಂದು ಬ್ಯಾಂಕಿನ ಫೋನ್ ವ್ಯವಸ್ಥೆಯಲ್ಲಿ ಗುಪ್ತ ಸಂಖ್ಯೆ ಬಂದು ಕೆಲವೇ ಸೆಕೆಂಡಿನಲ್ಲಿ ಕಾಲ ಮುಗಿಯುತ್ತದೆ. ಇಲ್ಲಿ ರಾತ್ರಿ ಹತ್ತು, ಅಲ್ಲಿ ಬೆಳಗಿನ ಹೊತ್ತು.

"ಅಮ್ಮಾ, ನಂಬರ್ ಬಂತಾ?"

"ಬಂತು ಕಣೋ. ಕನ್ನಡಕ ಹುಡುಕೋದ್ರೊಳಗೆ ಹೋಯ್ತು."

ಮೂರು ಸಲ ಹೀಗಾದ ಮೇಲೆ ಖಾತೆಗೆ ಬೀಗ ಬಿತ್ತು. ಮರುವಾರದಿಂದ ಆ ತಾಯಿ ಪಕ್ಕದ ಮನೆಯ ಹುಡುಗನ ಕೈಗೆ ಫೋನ್ ಕೊಟ್ಟು, ಸಂಖ್ಯೆಯನ್ನೂ ಹೇಳಿ, ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ. ಹುಡುಗ ಒಳ್ಳೆಯವನು, ಅದು ಅವರ ಪುಣ್ಯ. ಆದರೆ ಭದ್ರತೆಗೆಂದು ಇಟ್ಟ ಬೀಗವೇ ಅವರ ಹಣದ ಚಾವಿಯನ್ನು ಪರರ ಕೈಗೆ ಕೊಡಿಸಿತು. ನಲವತ್ತು ವರ್ಷ ಮನೆಯ ಲೆಕ್ಕ ಬರೆದ ಹೆಂಗಸು ತನ್ನ ಪಿಂಚಣಿಗೆ ಇನ್ನೊಬ್ಬರ ಮುಖ ನೋಡುವಂತಾಯಿತು. ಆ ಸೆಕೆಂಡುಗಳನ್ನು ನಿಗದಿ ಮಾಡಿದವರು ಕ್ರೂರಿಗಳಲ್ಲ. ನಮ್ಮ ನಿಮ್ಮಂಥವರೇ. ಅವರ ಕಣ್ಣ ಮುಂದೆ ಕನ್ನಡಕ ಹುಡುಕುವ ತಾಯಿ ಇರಲಿಲ್ಲ, ಅಷ್ಟೇ.

ಹತ್ತಿರದ ಶತ್ರು

ಬುದ್ಧಘೋಷರು ಇನ್ನೊಂದು ಸೂಕ್ಷ್ಮವನ್ನು ಹೇಳುತ್ತಾರೆ. ಪ್ರತಿ ಸದ್ಗುಣಕ್ಕೂ ಒಬ್ಬ ದೂರದ ಶತ್ರು, ಒಬ್ಬ ಹತ್ತಿರದ ಶತ್ರು. ಕರುಣೆಯ ದೂರದ ಶತ್ರು ಕ್ರೌರ್ಯ. ಅದನ್ನು ಯಾರಾದರೂ ಗುರುತಿಸಬಲ್ಲರು. ಹತ್ತಿರದ ಶತ್ರು ಶೋಕ. ಅದು ಕರುಣೆಯ ವೇಷ ಹಾಕಿಕೊಂಡೇ ಬರುತ್ತದೆ. ಅಯ್ಯೋ ಪಾಪ ಎಂದು ಕಣ್ಣೀರಿಟ್ಟು, ಆ ಕಣ್ಣೀರಿನಲ್ಲಿಯೇ ತೃಪ್ತಿಪಟ್ಟು, ಕೈ ಚಾಚದೆ ಕೂಡುವುದು. ಜರ್ಮನಿಯ ಸಂಶೋಧಕಿ ತಾನ್ಯಾ ಸಿಂಗರ್ ಮತ್ತು ಅವರ ಸಂಗಡಿಗರು ಬೌದ್ಧಭಿಕ್ಷು ಮಾಥ್ಯೂ ರಿಕಾರ್ ಅವರ ಸಹಾಯದಿಂದಲೂ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟೂ ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದ್ದಾರೆ. ಪರರ ನೋವಿನಲ್ಲಿ ತಾನೂ ನೋಯುವುದು ಒಂದು, ಆ ನೋವು ನೀಗಲೆಂದು ಬೆಚ್ಚಗೆ ಹಾರೈಸುವುದು ಇನ್ನೊಂದು. ಎರಡಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಜಾಲಗಳು ಎಚ್ಚರಗೊಳ್ಳುತ್ತವೆ ಎಂದು ೨೦೧೩ರ ಸುಮಾರಿಗೆ ಪ್ರಕಟವಾದ ಅವರ ಬರೆಹಗಳು ಹೇಳುತ್ತವೆ. ಮೊದಲನೆಯದರಿಂದ ಮನುಷ್ಯ ಬಳಲುತ್ತಾನೆ, ಎರಡನೆಯದರಿಂದ ಕೆಲಸಕ್ಕೆ ಏಳುತ್ತಾನೆ. ಹಳೆಯ ಗ್ರಂಥದ ವಿವೇಚನೆ ಹೊಸ ಯಂತ್ರದಲ್ಲಿ ಕಾಣಿಸಿಕೊಂಡದ್ದು ಗಮನಾರ್ಹ.

ಯಂತ್ರಗಳ ಲೋಕದಲ್ಲಿ ಈ ಹತ್ತಿರದ ಶತ್ರು ಎಷ್ಟು ಸಲ ಬಂದಿಲ್ಲ! ಬಡವರನ್ನು ಕಂಡು ಮರುಗಿ, ಅವರನ್ನು ಕೇಳದೆ, ಅವರಿಗೊಂದು ಯಂತ್ರ ಮಾಡಿ ಕೊಟ್ಟು, ಅದು ಮೂಲೆಯಲ್ಲಿ ತುಕ್ಕು ಹಿಡಿಯುವ ಕಥೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಈ ಶತ್ರುವನ್ನು ಗುರುತಿಸಿ ದಾರಿ ಬದಲಿಸಿದ ಒಂದು ನಿಜವಾದ ಉದಾಹರಣೆ ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ಇದೆ.

ಪುರ ಗ್ರಾಮದ ನೀರು

ಕಥೆಯ ಹಿನ್ನೆಲೆ ಹೀಗಿದೆ. ಇ. ಎಫ್. ಷೂಮಾಕರ್ ಎಂಬ ಅರ್ಥಶಾಸ್ತ್ರಜ್ಞರು ೧೯೫೫ರಲ್ಲಿ ಸಲಹೆಗಾರರಾಗಿ ಬರ್ಮಾಕ್ಕೆ ಹೋದರು. ಸಲಹೆ ಕೊಡಲು ಹೋದವರು ತಾವೇ ಪಾಠ ಕಲಿತು ಬಂದರು. ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಆಜೀವ ಎಂಬ ಒಂದು ಅಂಗವಿರುವ ಮೇಲೆ ಬೌದ್ಧ ಅರ್ಥಶಾಸ್ತ್ರ ಎಂಬುದೂ ಇರಲೇಬೇಕೆಂದು ವಾದಿಸಿ ಅವರು ೧೯೬೬ರಲ್ಲಿ ಪ್ರಬಂಧ ಪ್ರಕಟಿಸಿದರು. ಅದು ೧೯೭೩ರ ಅವರ ಪ್ರಸಿದ್ಧ ಪುಸ್ತಕ "ಸ್ಮಾಲ್ ಈಸ್ ಬ್ಯೂಟಿಫುಲ್"ನಲ್ಲಿ ಸೇರಿತು. ಯಂತ್ರ ಮನುಷ್ಯನ ಅಳತೆಗೆ ತಕ್ಕಂತಿರಬೇಕು ಎಂಬ ಚಳವಳಿ ಜಗತ್ತಿನಲ್ಲೆಲ್ಲ ಹಬ್ಬಿತು. ಗಾಂಧೀಜಿಯವರ ವಿಚಾರಗಳ ಋಣವೂ ಷೂಮಾಕರರ ಮೇಲಿತ್ತೆಂಬುದು ಸರ್ವವಿದಿತ.

ಅದೇ ಗಾಳಿ ಬೀಸುತ್ತಿದ್ದ ಕಾಲದಲ್ಲಿ, ೧೯೭೪ರಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವೆಲ್ಲ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ರೆಡ್ಡಿಯವರು ವಿದ್ಯುತ್-ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕದ ಸಹಲೇಖಕರು. ಅಂಥವರು ಪ್ರಯೋಗಶಾಲೆಯಿಂದ ಹೊರಬಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಮುತ್ತಲ ಹಳ್ಳಿಗಳಲ್ಲಿ ಸೌದೆ ಎಷ್ಟು, ನೀರು ಎಷ್ಟು, ಹೆಂಗಸರ ನಡಿಗೆ ಎಷ್ಟು ಎಂದು ಅಳೆಯಲು ಹೊರಟರು. ೧೯೮೦ರ ದಶಕದಲ್ಲಿ ಕರ್ನಾಟಕದ ಮನೆಮನೆಗೆ ಬಂದ, ಹೊಗೆಕೊಳವೆಯ ಮೂರು ಪಾತ್ರೆಯ 'ಅಸ್ತ್ರ ಒಲೆ' ನಮ್ಮ ಅನೇಕ ಸದಸ್ಯರ ತೌರುಮನೆಗಳಲ್ಲಿ ಇದ್ದಿರಬಹುದು.

ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅವರು ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಹೆಂಗಸರು ಹೊಗೆಯಲ್ಲಿ ಕಣ್ಣು ಕೆಡಿಸಿಕೊಳ್ಳುತ್ತಾರೆ, ಅಡುಗೆಗೆ ಗ್ಯಾಸ್ ಕೊಡೋಣ ಎಂಬುದು ಉದ್ದೇಶ. ಉದ್ದೇಶದಲ್ಲಿ ಏನೂ ದೋಷವಿಲ್ಲ. ಆದರೆ ಊರಿನ ಸಗಣಿ ಎಲ್ಲ ಒಲೆಗಳಿಗೂ ಸಾಲುವಷ್ಟು ಗ್ಯಾಸ್ ಕೊಡಲಿಲ್ಲ, ಯೋಜನೆ ನಿಂತಿತು. ಜನರ ಮಾತಿಗೆ ಕಿವಿಗೊಟ್ಟಾಗ ತಿಳಿದದ್ದು ಬೇರೆಯೇ: ಸೌದೆ ಕಾಸಿಲ್ಲದೆ ಸಿಗುತ್ತದೆ, ಅದು ಅವರ ಮೊದಲ ಸಂಕಟವಲ್ಲ; ಕುಡಿಯಲು ಶುದ್ಧ ನೀರಿಲ್ಲ, ಅದು ಮೊದಲ ಸಂಕಟ. ಅದೇ ಸ್ಥಾವರದ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಹಾಯಿಸಿ ವಿದ್ಯುತ್ ತೆಗೆದರು. ಆ ವಿದ್ಯುತ್ತಿನಿಂದ ಬೋರ್‌ವೆಲ್ಲಿನ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ೧೯೮೭ರ ಸೆಪ್ಟೆಂಬರಿನಿಂದ ಇದು ನಡೆಯತೊಡಗಿತು. ಸಗಣಿ ತಂದವರ ಸಗಣಿಯನ್ನು ತೂಗಿ ಲೆಕ್ಕ ಬರೆದು, ಅದಕ್ಕೆ ಕಾಸನ್ನೂ ಹೊಲಕ್ಕೆ ಬಗ್ಗಡವನ್ನೂ ಹಿಂದಿರುಗಿಸುತ್ತಿದ್ದರು. ಊರ ಹುಡುಗರೇ ಎಂಜಿನ್ ನಡೆಸಿದರು.

ಗಮನಿಸಿ: ಸ್ಥಾವರ ಅದೇ, ಸಗಣಿ ಅದೇ, ಊರೂ ಅದೇ. ಬದಲಾದದ್ದು ಒಂದೇ ಒಂದು. ಅವರಿಗೆ ಏನು ಬೇಕೆಂದು ಮೊದಲು ನಾವು ಊಹಿಸಿದ್ದೆವು, ಆಮೇಲೆ ಅವರೇ ಹೇಳಿದರು. ರೆಡ್ಡಿಯವರು ಈ ಅನುಭವವನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರೆಂಬುದು ಅವರ ದೊಡ್ಡತನ. ೨೦೦೦ದಲ್ಲಿ ಸ್ವೀಡನ್ನಿನ ವೋಲ್ವೋ ಪರಿಸರ ಪ್ರಶಸ್ತಿ ಅವರಿಗೆ ಬಂತು. ೨೦೦೬ರಲ್ಲಿ ಅವರು ತೀರಿಕೊಂಡರು.

ಫೋಟೋ ಪ್ರಸಂಗ

ಇನ್ನು ನಮ್ಮ ಕೈಯ ಫೋನಿಗೆ ಬರೋಣ. ಫೇಸ್‌ಬುಕ್ ಕಂಪನಿಯಲ್ಲಿ ಆರ್ತುರೊ ಬೆಹಾರ್ ಎಂಬ ಇಂಜಿನಿಯರ್ ಇದ್ದರು. ಜನ ಪರಸ್ಪರರ ಫೋಟೋಗಳ ಮೇಲೆ ದೂರು ಕೊಡುತ್ತಿದ್ದರು: ಇದು ಅಶ್ಲೀಲ, ಇದು ಹಿಂಸೆ, ಎಂದು. ತೆಗೆದು ನೋಡಿದರೆ ಬಹುಪಾಲು ಚಿತ್ರಗಳಲ್ಲಿ ಅಂಥದೇನೂ ಇಲ್ಲ. ಯಾರದೋ ಮದುವೆ ಮನೆಯ ಚಿತ್ರ, ಯಾರದೋ ಮಗುವಿನ ಚಿತ್ರ. ನಿಜವಾದ ದೂರು ಬೇರೆ: "ಈ ಚಿತ್ರದಲ್ಲಿ ನಾನು ಚೆನ್ನಾಗಿ ಕಾಣುತ್ತಿಲ್ಲ, ನನಗೆ ನಾಚಿಕೆಯಾಗುತ್ತದೆ." ಅದನ್ನು ಹೇಳಲು ಯಂತ್ರದಲ್ಲಿ ಜಾಗವೇ ಇರಲಿಲ್ಲ. ಇದ್ದ ಜಾಗಗಳೆಲ್ಲ ಅಪರಾಧದ ಹೆಸರುಗಳು.

ಬೆಹಾರ್ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಡೇಕರ್ ಕೆಲ್ಟ್‌ನರ್ ಮೊದಲಾದವರನ್ನು ಕರೆಸಿದರು. ೨೦೧೧ರ ಕೊನೆಯಿಂದ ಕರುಣೆಯ ಸಂಶೋಧನೆಯ ದಿನ ಎಂಬ ಹೆಸರಿನಲ್ಲಿಯೇ ಸಭೆಗಳು ನಡೆದವು. ದೂರಿನ ಪಟ್ಟಿಯಲ್ಲಿ "ನನಗೆ ಮುಜುಗರವಾಗುತ್ತದೆ" ಎಂಬ ಅರ್ಥದ ಸಾಲು ಸೇರಿತು. ಫೋಟೋ ಹಾಕಿದ ಸ್ನೇಹಿತನಿಗೇ ಬರೆಯಲು ಒಂದು ಮೃದುವಾದ ಮಾದರಿ ಪತ್ರವೂ ಜೊತೆಗೆ ಬಂತು. ಖಾಲಿ ಹಾಳೆ ಕೊಟ್ಟಾಗ ಬರೆಯದೆ ಬಿಡುತ್ತಿದ್ದವರು ಮಾದರಿ ಮಾತು ಮುಂದಿಟ್ಟಾಗ ಬರೆಯತೊಡಗಿದರು. ಜಗಳವಾಗಬಹುದಾದದ್ದು ಒಂದು ಸಣ್ಣ ಕೋರಿಕೆಯಲ್ಲಿ ಮುಗಿಯಿತು. ಇದು ಯಾವ ವಿಹಾರದಿಂದಲೂ ನೇರವಾಗಿ ಬಂದ ವಿನ್ಯಾಸವಲ್ಲ. ಆದರೆ ಎದುರಿಗಿರುವವನು ಅಪರಾಧಿಯಲ್ಲ, ನಿನ್ನಂತೆಯೇ ಸುಖ ಬಯಸುವವನು ಎಂಬ ಕರುಣಾಧ್ಯಾನದ ಮೊದಲ ಪಾಠವನ್ನು ಗುಂಡಿಯ ಮೇಲೆ ಬರೆದಂತಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಬೆಹಾರ್ ೨೦೧೫ರಲ್ಲಿ ಕಂಪನಿ ಬಿಟ್ಟರು. ಹದಿವಯಸ್ಸಿಗೆ ಬಂದ ತಮ್ಮ ಮಗಳು ಇನ್‌ಸ್ಟಾಗ್ರಾಮಿನಲ್ಲಿ ಅನುಭವಿಸಿದ ಕಿರುಕುಳವನ್ನು ಕಂಡು, ೨೦೧೯ರಲ್ಲಿ ಸಲಹೆಗಾರರಾಗಿ ಮರಳಿದರು. ತಮ್ಮ ಹಳೆಯ ಕೆಲಸದ ಬಹುಭಾಗ ಅಲ್ಲಿ ಉಳಿದಿರಲಿಲ್ಲವೆಂದು ಅವರೇ ಹೇಳಿದ್ದಾರೆ. ೨೦೨೧ರಲ್ಲಿ ಮೇಲಿನವರಿಗೆ ಪತ್ರ ಬರೆದರು. ಕೊನೆಗೆ ೨೦೨೩ರ ನವೆಂಬರ್ ೭ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ನಿಂತು ಸಾಕ್ಷ್ಯ ಹೇಳಿದರು. ಒಬ್ಬ ಇಂಜಿನಿಯರಿನ ಕರುಣೆ ಒಂದು ಗುಂಡಿಯನ್ನು ಬದಲಿಸಬಲ್ಲದು. ಸಂಸ್ಥೆಯ ಲೆಕ್ಕಪುಸ್ತಕ ಬದಲಾಗದಿದ್ದರೆ ಆ ಗುಂಡಿ ಬಹಳ ಕಾಲ ಉಳಿಯದು. ಹದಿವಯಸ್ಸಿನ ಮಕ್ಕಳಿರುವ ನಮ್ಮ ಮನೆಗಳಿಗೆ ಈ ಪ್ರಸಂಗದ ಎರಡೂ ಅರ್ಧಗಳು ತಿಳಿದಿರಬೇಕು.

ಅಶೋಕನ ಊಟದ ಹೊತ್ತು

ಕರುಣೆಯನ್ನು ಲೆಕ್ಕಪುಸ್ತಕಕ್ಕೇ ಸೇರಿಸಿದ ದೊರೆಯೊಬ್ಬನ ನೆನಪು ಇಲ್ಲಿ ಸಹಜ. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕ ಎಂಬುದು ಖಚಿತವಾದದ್ದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಗುಡಿಯೊಂದರ ವಿಗ್ರಹದ ಪೀಠವಾಗಿ ಬಿದ್ದಿದ್ದ ಕಲ್ಲಿನ ಮೇಲೆ ಅವನ ಶಾಸನಗಳಿದ್ದದ್ದು ೧೯೮೦ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ಅಧಿಕಾರಿಗಳನ್ನು ಕುರಿತ ಅವನ ಪ್ರತ್ಯೇಕ ಶಾಸನದಲ್ಲಿ, ನ್ಯಾಯ ಕೆಡಿಸುವ ದೋಷಗಳ ಪಟ್ಟಿಯಿದೆ: ಅಸೂಯೆ, ಸಿಟ್ಟು, ಕ್ರೌರ್ಯ ಇವುಗಳ ಜೊತೆಗೆ ಆತುರ, ಸೋಮಾರಿತನ ಮತ್ತು ದಣಿವು. ಆತುರವನ್ನೂ ದಣಿವನ್ನೂ ಕ್ರೌರ್ಯದ ಸಾಲಿನಲ್ಲಿಯೇ ಇಟ್ಟದ್ದು ನೋಡಿ! ಶುಕ್ರವಾರ ರಾತ್ರಿ ಹನ್ನೆರ‍ಡಕ್ಕೆ ಪ್ರೋಗ್ರಾಂ ಬಿಡುಗಡೆ ಮಾಡುವವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

ಆಂಧ್ರದ ಎರ್ರಗುಡಿಯೇ ಮೊದಲಾದೆಡೆ ಇರುವ ಅವನ ಎರಡನೆಯ ಬಂಡೆಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿಯ ಗಿಡಗಳನ್ನು ತರಿಸಿ ನೆಡಿಸಿದ್ದು, ದಾರಿಯುದ್ದಕ್ಕೂ ಬಾವಿ ಮತ್ತು ಮರ - ಇವನ್ನು ಹೇಳುತ್ತದೆ. ಕರುಣೆ ಯಂತ್ರವಾದರೆ ಬಾವಿಯಾಗುತ್ತದೆ, ನೆರಳಾಗುತ್ತದೆ. ಆರನೆಯ ಶಾಸನ ಇನ್ನೂ ಸ್ವಾರಸ್ಯಕರ. ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕೆಲಸವಿದ್ದರೆ ಯಾವ ಹೊತ್ತಿನಲ್ಲಾದರೂ ಬಂದು ತಿಳಿಸತಕ್ಕದ್ದು ಎಂದು ಅವನು ವರದಿಗಾರರಿಗೆ ಆಜ್ಞೆ ಮಾಡುತ್ತಾನೆ. ಇಂದು ನಮ್ಮ ಫೋನೂ ಊಟದ ಹೊತ್ತಿನಲ್ಲಿ, ಮಲಗುವ ಕೋಣೆಯಲ್ಲಿ ಹಾಗೆಯೇ ಕರೆಯುತ್ತದೆ. ವ್ಯತ್ಯಾಸವಿಷ್ಟೇ: ಅಲ್ಲಿ ಬಲವುಳ್ಳವನು ಬಲವಿಲ್ಲದವರಿಗಾಗಿ ತೊಂದರೆಯನ್ನು ತನ್ನ ಮೇಲೆ ಹಾಕಿಕೊಂಡ, ಇಲ್ಲಿ ಬಲವುಳ್ಳವರು ತಮ್ಮ ಲಾಭಕ್ಕಾಗಿ ತೊಂದರೆಯನ್ನು ನಮ್ಮ ಮೇಲೆ ಹಾಕುತ್ತಾರೆ. ಯಾವುದೇ ಯಂತ್ರವನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ಅಳತೆಗೋಲು ಇಲ್ಲ. ಇದರಲ್ಲಿ ತೊಂದರೆ ಯಾರ ಪಾಲಿಗೆ ಬರುತ್ತದೆ ಎಂದು ಕೇಳಿದರೆ ಸಾಕು.

ಕೆಲವು ಆಕ್ಷೇಪಣೆಗಳು

ಧ್ಯಾನದಿಂದ ಯಂತ್ರ ಸುಧಾರಿಸುತ್ತದೆಯೇ, ಕಾನೂನಿನಿಂದ ಸುಧಾರಿಸುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಳಕೆದಾರನನ್ನು ಮೋಸಗೊಳಿಸುವ ವಿನ್ಯಾಸಗಳಿಗೆ ೨೦೧೦ರಲ್ಲಿ ಹ್ಯಾರಿ ಬ್ರಿಗ್ನಲ್ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಭಾರತ ಸರ್ಕಾರ ೨೦೨೩ರ ನವೆಂಬರ್ ೩೦ರಂದು ಇಂಥ ಹದಿಮೂರು ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು: ಕೇಳದ ಸಾಮಾನನ್ನು ಬುಟ್ಟಿಗೆ ಹಾಕುವುದು, ಸೇರಲು ಒಂದು ಗುಂಡಿ ಇಟ್ಟು ಬಿಡಲು ಹತ್ತು ಬಾಗಿಲು ಇಡುವುದು, ಬೇಡವೆಂದವರನ್ನು ನಾಚಿಸುವುದು ಇತ್ಯಾದಿ. ಇದು ಬೇಕೇ ಬೇಕು. ಆದರೆ ಏನು ಮಾಡಬಾರದೆಂದು ಕಾನೂನು ಹೇಳಬಲ್ಲದು; ನಮಗೆ ಯಾರು ಕಾಣಲಿಲ್ಲವೆಂದು ಹೇಳಲಾರದು. ದಾವಣಗೆರೆಯ ತಾಯಿಯ ವಿಷಯದಲ್ಲಿ ಯಾರೂ ಯಾವ ಕಾನೂನನ್ನೂ ಮುರಿಯಲಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಕಟುವಾದದ್ದು. ಧ್ಯಾನವೇ ಇಂದು ಒಂದು ಸರಕಾಗಿದೆ. ನೌಕರರನ್ನು ದಣಿಸುವ ಕಂಪನಿಯೇ ಅವರಿಗೆ ಧ್ಯಾನದ ತರಗತಿ ನಡೆಸುತ್ತದೆ. ಸ್ವತಃ ಬೌದ್ಧ ಅಭ್ಯಾಸಿಯಾದ ರೊನಾಲ್ಡ್ ಪರ್ಸರ್ ಎಂಬ ಪ್ರಾಧ್ಯಾಪಕರು ೨೦೧೯ರಲ್ಲಿ ಇದನ್ನು ಟೀಕಿಸಿ ಒಂದು ಪುಸ್ತಕವನ್ನೇ ಬರೆದರು. ಈ ಟೀಕೆಗೆ ನಾವು ತಲೆಬಾಗುತ್ತೇವೆ. ಮಾಡುವವನ ಮನಸ್ಸಿಗೆ ನೆಮ್ಮದಿ ಕೊಟ್ಟು, ಮಾಡಿದ್ದನ್ನು ಬಳಸುವವನಿಗೆ ಏನೂ ಬದಲಾಗದಿದ್ದರೆ ಅದು ಕರುಣೆಯಲ್ಲ, ಒಳ್ಳೆಯ ನಿದ್ದೆ ಅಷ್ಟೇ. ರೆಡ್ಡಿಯವರ ಕೆಲಸ ನಡೆಯಲು ಕಣ್ಣು ಮುಚ್ಚುವ ಅಗತ್ಯವಿರಲಿಲ್ಲ; ಕಣ್ಣು ತೆರೆಯುವ ಅಗತ್ಯವಿತ್ತು.

ಮೂರನೆಯದು ಕೃತಕ ಬುದ್ಧಿಯ ವಿಷಯ. ೨೦೨೨ರಲ್ಲಿ ಬೌದ್ಧ ವಿದ್ವಾಂಸ ಥಾಮಸ್ ಡಾಕ್ಟರ್, ಜೀವವಿಜ್ಞಾನಿ ಮೈಕೆಲ್ ಲೆವಿನ್ ಮತ್ತು ಸಂಗಡಿಗರು ಒಂದು ಲೇಖನದಲ್ಲಿ, ಬುದ್ಧಿಯನ್ನು ಅಳೆಯಬೇಕಾದದ್ದು ಅದು ಎಷ್ಟು ದೂರದವರೆಗೆ ಕಾಳಜಿ ವಹಿಸಬಲ್ಲದು ಎಂಬುದರಿಂದ ಎಂದು ವಾದಿಸಿ, ಸಕಲ ಜೀವಿಗಳ ಹೊಣೆ ಹೊರುವ ಬೋಧಿಸತ್ವನ ಪ್ರತಿಜ್ಞೆಯನ್ನು ಮಾದರಿಯಾಗಿ ಮುಂದಿಟ್ಟರು. ದೊಡ್ಡ ಮಾತು, ಯೋಚಿಸತಕ್ಕ ಮಾತು. ಆದರೆ ಇಲ್ಲಿಯೂ ಹತ್ತಿರದ ಶತ್ರು ಬಾಗಿಲಲ್ಲೇ ನಿಂತಿದ್ದಾನೆ. "ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ" ಎಂದು ಸಿಹಿಯಾಗಿ ಬರೆಯುವ ಯಂತ್ರಗಳು ಈಗ ಮನೆಮನೆಗೂ ಬಂದಿವೆ. ಕರುಣೆ ತೋರಿಸುವ ಯಂತ್ರ ಬೇರೆ, ಕರುಣೆಯಿಂದ ಮಾಡಿದ ಯಂತ್ರ ಬೇರೆ. ಸದ್ದಿಲ್ಲದೆ ನೀರು ಕೊಟ್ಟ ಪುರದ ನಲ್ಲಿ ಯಾರಿಗೂ ಸಮಾಧಾನದ ಮಾತು ಹೇಳಲಿಲ್ಲ.

ನಾವೇನು ಮಾಡಬಹುದು?

ಯಂತ್ರದ ಕೆಲಸದಲ್ಲಿರುವ ಸದಸ್ಯರು ಮುಂದಿನ ಸಭೆಗೆ ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತು ನಾಲ್ಕು ಕುರ್ಚಿಗಳನ್ನು ಮನಸ್ಸಿನಲ್ಲಿ ಹಾಕಿಕೊಳ್ಳಬಹುದು. ಒಂದರಲ್ಲಿ ನೀವು. ಒಂದರಲ್ಲಿ ನಿಮ್ಮ ಪ್ರೀತಿಯವರು. ಒಂದರಲ್ಲಿ ನಿಮ್ಮ ಯಂತ್ರವನ್ನು ಬಳಸುವ, ನೀವು ಎಂದೂ ಕಾಣದ ಒಬ್ಬರು. ಒಂದರಲ್ಲಿ ದೂರಿನ ಮೇಲೆ ದೂರು ಬರೆದು ನಿಮ್ಮ ತಲೆ ತಿನ್ನುವ ಗಿರಾಕಿ. ನಾಲ್ವರಿಗೂ ಇದು ನಡೆಯುತ್ತದೆಯೇ? ನಡೆಯದಿದ್ದರೆ ಯಾರನ್ನು ಕಳ್ಳರ ಕೈಗೆ ಕೊಡುತ್ತಿದ್ದೇವೆ? ಉತ್ತರವನ್ನು ಹಾಳೆಯ ಮೇಲೆ ಬರೆದುಕೊಂಡು ಸಭೆಗೆ ಹೋಗಿ. ಎಲ್ಲ ಸಲವೂ ಗೆಲ್ಲುತ್ತೀರೆಂದು ಹೇಳುವುದಿಲ್ಲ. ಬಿಟ್ಟವರು ಯಾರೆಂದು ತಿಳಿದು ಬಿಡುವುದಕ್ಕೂ ತಿಳಿಯದೆ ಬಿಡುವುದಕ್ಕೂ ಬಹಳ ಅಂತರವಿದೆ.

ಊರಿಗೆ ಹೋದಾಗ ಬೈಲುಕುಪ್ಪೆಯ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಬರುವವರು, ಸಾಧ್ಯವಾದರೆ ಅಲ್ಲಿನ ಒಬ್ಬ ಭಿಕ್ಷುವಿನೊಡನೆ ಕನ್ನಡದಲ್ಲಿಯೇ ಮಾತಾಡಿ ಬನ್ನಿ. ಅಮೆರಿಕದ ಪಾಸ್‌ಪೋರ್ಟ್ ಇರುವವರು ಆ ವಸತಿಗಳಲ್ಲಿ ರಾತ್ರಿ ತಂಗುವುದಾದರೆ ಭಾರತ ಸರ್ಕಾರದ ವಿಶೇಷ ಪರವಾನಗಿ ಬೇಕು. ಮೊದಲೇ ಅರ್ಜಿ ಹಾಕಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ನಮ್ಮ ಕನ್ನಡ ಶಾಲೆಯ ಮಕ್ಕಳಿಗೊಂದು ಕೆಲಸ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನೋ ತಾತನನ್ನೋ ಕೇಳಿ: "ನಿಮ್ಮ ಫೋನಿನಲ್ಲಿ, ಟಿವಿಯಲ್ಲಿ, ಬ್ಯಾಂಕಿನ ಯಂತ್ರದಲ್ಲಿ ನಿಮಗೆ ತುಂಬ ಕಷ್ಟವಾಗುವುದು ಯಾವುದು?" ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಕನ್ನಡದಲ್ಲಿ ಬರೆದು ಸಂಪಾದಕರಿಗೆ ಕಳುಹಿಸಿ. ಬಂದ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಹೆಸರುಗಳಿಲ್ಲದೆ ಅಚ್ಚು ಹಾಕೋಣ. ಅದನ್ನು ಓದುವ ಅಪ್ಪ ಅಮ್ಮಂದಿರಲ್ಲಿ, ಅವುಗಳಲ್ಲಿ ಒಂದನ್ನಾದರೂ ಸರಿಪಡಿಸುವ ಅಧಿಕಾರವಿರುವವರು ನಮ್ಮ ಸಂಘದಲ್ಲಿಯೇ ಇದ್ದಾರೆಂಬುದು ನಮ್ಮ ನಂಬಿಕೆ.